‘ಗೆಟ್’ ಅಂದ್ರೆ ‘ಪಡೆ’ ಅಂತ ಕಲಿಸಿದ್ರು, ಈಗ ಆಫೀಸಲ್ಲಿ ಒದ್ದಾಡ್ತಾ ಇದೀನಿ

ತುಂಗಭದ್ರೆ_ದಡ:
ಎಲ್ರಿಗೂ ನಮಸ್ಕಾರ. ನಾನು ಹರಿಹರದ ಹತ್ರ ಒಂದು ಹಳ್ಳಿಯವನು, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ, ಈಗ ಬೆಂಗಳೂರಲ್ಲಿ ಒಂದು ಕಂಪನೀಲಿ ಸಪೋರ್ಟ್ ಕೆಲಸ. ಇಂಗ್ಲಿಷ್ ಓದೋದು ಬರೆಯೋದು ಹೆಂಗೋ ನಡೆಯುತ್ತೆ, ದೊಡ್ಡ ದೊಡ್ಡ ಟೆಕ್ನಿಕಲ್ ಪದ ಅಂದ್ರೆ ಭಯಾನೇ ಇಲ್ಲ, ಆದ್ರೆ ಈ ‘ಗೆಟ್’ ಅನ್ನೋ ಚಿಳ್ಳೆ ಪದ ನನ್ನ ಜೀವ ತಿಂತಾ ಇದೆ. ಸ್ಕೂಲಲ್ಲಿ “ಗೆಟ್ ಗಾಟ್ ಗಾಟ್, ಗೆಟ್ ಅಂದರೆ ಪಡೆ” ಅಂತ ರಾಗವಾಗಿ ಬಾಯಿಪಾಠ ಮಾಡಿಸಿದ್ರು. ಇಲ್ಲಿ ಬಂದು ನೋಡಿದ್ರೆ ಯಾರೂ ಏನೂ ಪಡೀತಾ ಇಲ್ಲ, ಆದ್ರೂ ವಾಕ್ಯಕ್ಕೊಂದು ಗೆಟ್ ಇರುತ್ತೆ.

ಹೋದ ವಾರ ಕಾಲ್‌ನಲ್ಲಿ ಕ್ಲೈಂಟ್ “ಡೋಂಟ್ ಗೆಟ್ ಮಿ ರಾಂಗ್” ಅಂದ. ರಾಂಗ್ ಅಂತ ಕಿವಿಗೆ ಬಿದ್ದಿದ್ದೇ ತಡ, ನಾನೇನೋ ತಪ್ಪು ಮಾಡಿದೆ ಅಂತ ಎರಡು ಸಲ ಸಾರಿ ಕೇಳ್ದೆ, ಕಾಲ್‌ನಲ್ಲಿದ್ದೋರೆಲ್ಲ ಸುಮ್ನಾಗ್ಬಿಟ್ರು. ಅದು ಹೋಗ್ಲಿ. ಮ್ಯಾನೇಜರ್ ಮೇಡಂ “ಗೆಟ್ ದ ರಿಪೋರ್ಟ್ ಡನ್ ಬೈ ಫ್ರೈಡೇ” ಅಂದ್ರು. ಗೆಟ್ ಡನ್ ಅಂದ್ರೆ ಬೇರೆಯೋರ ಕೈಲಿ ಮಾಡಿಸೋದು ಅಂತ ಯಾವ್ದೋ ವಿಡಿಯೋದಲ್ಲಿ ನೋಡಿದ್ದೆ. ಸರಿ ಅಂತ ಪಕ್ಕದ ಟೀಮ್ ಹುಡುಗನಿಗೆ “ನೀನು ಮಾಡ್ಬೇಕಂತೆ” ಅಂದೆ, ಅವನು ನನ್ನ ಮುಖಾನೇ ನೋಡ್ದ. ಶುಕ್ರವಾರ ಸಂಜೆ ರಿಪೋರ್ಟೂ ಇಲ್ಲ, ನನ್ನ ಮರ್ಯಾದೇನೂ ಇಲ್ಲ.

ಈಗ ಒಂದು ಆ್ಯಪ್ ಹಾಕ್ಕೊಂಡು ಗೆಟ್‌ನ ಅರ್ಥಗಳ ಪಟ್ಟಿ ಬಾಯಿಪಾಠ ಮಾಡ್ತಾ ಇದೀನಿ, ದಿನಕ್ಕೆ ಮೂರು. ಹನ್ನೆರಡನೇದಕ್ಕೆ ಬರೋ ಹೊತ್ತಿಗೆ ಮೊದಲನೇದು ಮರೆತುಹೋಗಿರುತ್ತೆ. ಇದನ್ನ ನೀವೆಲ್ಲ ಹೆಂಗೆ ಕಲಿತ್ರಿ?

ಕಾಫಿಪುಡಿ:
ಗೆಟ್ ವೆಲ್ ಸೂನ್ ಗುರು 😂

ಸಿಡುಕಪ್ಪ:
ಕಲಿಯೋದೇನಿದೆ ಅದ್ರಲ್ಲಿ. ಇಂಗ್ಲಿಷ್ ಸೀರೀಸ್ ನೋಡಿ, ತಾನಾಗೇ ಬರುತ್ತೆ. ಪ್ರತಿಯೊಂದಕ್ಕೂ ಚರ್ಚೆ ಬೇಕಾ?

ತುಂಗಭದ್ರೆ_ದಡ:
@ಸಿಡುಕಪ್ಪ ನೋಡ್ತೀನಿ ಸರ್, ಕೆಳಗೆ ಅಕ್ಷರ ಬರುತ್ತಲ್ಲ ಅದನ್ನೂ ಓದ್ತೀನಿ. ಪ್ರತಿ ಸೀನಲ್ಲೂ ಗೆಟ್ ಇರುತ್ತೆ, ಪ್ರತಿ ಸಲ ಬೇರೆ. ಅದಕ್ಕೇ ತಲೆ ಕೆಟ್ಟಿರೋದು.

ಕಾಫಿಪುಡಿ:
ಜೋಕ್ ಪಕ್ಕಕ್ಕಿಡಿ, ನನ್ನ ಕಥೆ ಕೇಳಿ. ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಲಂಡನ್ ಆಫೀಸಿಂದ ಒಬ್ರು ಬಂದಿದ್ರು, ಹಿರಿಯರು. ಸಂಜೆ ಹೊರಡುವಾಗ “ಸರಿ ಸಾರ್, ನಾಳೆ ಸಿಗ್ತೀನಿ” ಅಂತ ಹೇಳ್ಬೇಕು ನಂಗೆ. ಸಿಗು ಅಂದ್ರೆ ಗೆಟ್ ತಾನೇ? ನಗ್ತಾ ನಗ್ತಾ “ಐ ವಿಲ್ ಗೆಟ್ ಯೂ ಟುಮಾರೋ” ಅಂದೆ. ಆಯಪ್ಪ ಒಂದು ಹೆಜ್ಜೆ ಹಿಂದೆ ಹೋದ್ರು. ಅದು “ನಾಳೆ ನಿನ್ನ ಒಂದ್ ಕೈ ನೋಡ್ಕೋತೀನಿ” ಅಂತ ಬೆದರಿಕೆ ಹಾಕಿದ ಹಾಗಂತೆ! ನಮ್ಮಲ್ಲೂ ಅಷ್ಟೇ ಅಲ್ವಾ, “ನಾಳೆ ಸಿಗ್ತೀನಿ” ಅಂದ್ರೆ ಸ್ನೇಹ, “ನಾಳೆ ಸಿಗು ಮಗನೆ” ಅಂದ್ರೆ ಬೇರೆ.

ಕುಡ್ಲದವ:
ಎಂತ ಮಾರಾಯ್ರೇ, ನಗಾಡಿ ನಗಾಡಿ ಚಾ ಚೆಲ್ಲಿತು 😂😂

ಹಳೇ_ಮೇಷ್ಟ್ರು:
‘ಗೆಟ್ ಅಂದರೆ ಪಡೆ’ ಎಂದು ಕಲಿಸಿದವರ ಗುಂಪಿನಲ್ಲಿ ನಾನೂ ಒಬ್ಬ, ಮಂಡ್ಯ ಕಡೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ. ಒಂದು ಮಾತು ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ಅರವತ್ತು ಮಕ್ಕಳು, ಮುಕ್ಕಾಲು ಗಂಟೆ ಪೀರಿಯಡ್, ಅವರಿಗೆ ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಲ್ಲಿ. ಪರೀಕ್ಷೆಯಲ್ಲಿ ಪದಕ್ಕೊಂದು ಅರ್ಥ ಬರೆಯಿರಿ ಅಂತ ಕೇಳಿದಾಗ ನಾನು ಎಷ್ಟು ಅರ್ಥ ಅಂತ ಬರೆಸಲಿ? ಒಂದು ಕೊಟ್ಟೆ. ಅದೊಂದು ನೆನಪಿದೆಯಲ್ಲ, ಸಂತೋಷ.

ತುಂಗಭದ್ರೆ_ದಡ:
ಅಯ್ಯೋ ಸರ್, ಮೇಷ್ಟ್ರುಗಳ ಮೇಲೆ ಸಿಟ್ಟಿಲ್ಲ. ನಮ್ಮ ಮೇಷ್ಟ್ರು ಇಲ್ದಿದ್ರೆ ನಾನಿವತ್ತು ಊರಲ್ಲಿ ಭತ್ತದ ಮಷೀನ್ ಓಡಿಸ್ತಾ ಇರ್ತಿದ್ದೆ.

ಸಿಡುಕಪ್ಪ:
ಆದ್ರೂ ‘ಪಡೆ’ ಅನ್ನೋ ಪದ ಮಾತಲ್ಲಿ ಯಾರು ಬಳಸ್ತಾರೆ ಮೇಷ್ಟ್ರೇ? ಅಂಗಡಿಗೆ ಹೋಗಿ ಬೆಲ್ಲ ಪಡೆದು ಬಾ ಅಂತ ನಿಮ್ಮ ಮನೇಲಿ ಹೇಳ್ತಾರಾ? ಇಂಗ್ಲಿಷಲ್ಲಿ ಅತಿ ಸಾದಾ ಪದಕ್ಕೆ ಕನ್ನಡದಲ್ಲಿ ಅರ್ಜಿ ಬರೆಯೋ ಪದ ಕೊಟ್ರೆ ಹುಡುಗನಿಗೆ ಏನು ಹೊಳೀಬೇಕು. ನಂಗಂತೂ ಪಡೆ ಅಂದ್ರೆ ಸೈನ್ಯಾನೇ ನೆನಪಾಗೋದು.

ಹಳೇ_ಮೇಷ್ಟ್ರು:
ಅದು ಒಪ್ಪತಕ್ಕ ಮಾತು.

ಧಾರವಾಡದಾಕಿ:
ಅಲ್ರೀ, ಪಡೆ ಮಾತಿನ್ಯಾಗ ಇಲ್ಲ ಅಂದವ್ರು ಯಾರ್ರೀ? ನಮ್ಮ ಕಡೆ ತಾಯಿಗೆ ಹಡೆದವ್ವ ಅಂತಾರಲ್ಲ, ಆ ಹಡೆ ಅಂದ್ರ ಪಡೆನ. ಹಾಲು ಮೊದಲ ಪಾಲು ಇತ್ತು, ಹುಲಿ ಪುಲಿ ಇತ್ತು, ಹೂವು ಪೂ ಇತ್ತು, ಹಂಗ ಪಡೆ ಹೋಗಿ ಹಡೆ ಆತು. ಕೂಸು ಪಡೆಯೋದು ಅಂದ್ರ ಹಡೆಯೋದು. ಇನ್ನ ಮಜಾ ಏನಂದ್ರ ಇಂಗ್ಲಿಷನ್ಯಾಗೂ ಹಳೆ ಬೈಬಲ್ ಭಾಷಾದಾಗ ಮಕ್ಕಳನ್ನ ಪಡೆಯೋದಕ್ಕ ‘ಬಿಗೆಟ್’ ಅಂತಾರ, ಅದರೊಳಗೂ ಗೆಟ್ ಕುಂತೈತಿ ನೋಡ್ರಿ. ಅಂದ್ರ ನಿಮ್ಮ ಮೇಷ್ಟ್ರು ಹೇಳಿದ್ದು ತಪ್ಪಲ್ಲ, ಭಾಳ ಹಳೇದಾಗೇತಿ ಅಷ್ಟ.

ಕುಡ್ಲದವ:
ತುಳುವಲ್ಲಿ ಈಗಲೂ ಪಿಲಿ, ಪೇರ್, ಪೂ ಅಂತಲೇ. ನಾವು ‘ಪ’ ಬಿಟ್ಟುಕೊಡಲಿಲ್ಲ 😌

ಪದಬೇಟೆ:
ಧಾರವಾಡದಾಕಿಯವರದು ಸರಿ. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟೆಲ್ ನಿಘಂಟಲ್ಲೂ ಪಡೆಗೆ ಸಿಗೋದು, ಹೆರೋದು ಎರಡೂ ಅರ್ಥ ಇದೆ. ಇನ್ನೊಂದು ವಿಷಯ, ಗೆಟ್ ಮೂಲದಲ್ಲಿ ಇಂಗ್ಲಿಷರ ಸ್ವಂತದ್ದಲ್ಲ. ಸಾವಿರ ವರ್ಷದ ಹಿಂದೆ ಉತ್ತರದಿಂದ ದೋಣಿಯಲ್ಲಿ ಬಂದು ಇಂಗ್ಲೆಂಡಲ್ಲಿ ನೆಲೆ ನಿಂತ ವೈಕಿಂಗ್ ಜನರ ‘ಗೆಟಾ’ ಅನ್ನೋ ಕ್ರಿಯಾಪದ ಅದು. ಟೇಕ್ ಕೂಡ ಅವರದೇ, ಎಗ್, ವಿಂಡೋ, ಸ್ಕೈ ಎಲ್ಲಾ ಅವರದೇ. ಇಂಗ್ಲಿಷರ ಹತ್ರ ಇದೇ ಬೇರಿನ ಸ್ವಂತ ಪದ ಒಂದಿತ್ತು, ಅದು ಒಂಟಿಯಾಗಿ ಬಾಳಲಿಲ್ಲ, ಬೇರೆ ಪದಗಳ ಒಳಗೆ ಅಡಗಿ ಉಳಿದಿದೆ. ‘ಫರ್ಗೆಟ್’ ಅಂತೀವಲ್ಲ, ಅದರ ಒಳಗಿರೋ ಗೆಟ್ ಅದೇ. ಹಿಡಿದಿದ್ದು ಕೈಜಾರಿತು ಅನ್ನೋ ಹಾಗೆ.

ಕಾಫಿಪುಡಿ:
ಅಂದ್ರೆ ನಮ್ಮ ಹುಡುಗ ಗೆಟ್‌ನ ಫರ್ಗೆಟ್ ಮಾಡ್ತಿರೋದು ಚರಿತ್ರೆಗೆ ಸರಿಯಾಗೇ ಇದೆ.

ಸಿಡುಕಪ್ಪ:
ಚರಿತ್ರೆ ಗೊತ್ತಾದ್ರೆ ಶುಕ್ರವಾರದ ರಿಪೋರ್ಟ್ ಆಗುತ್ತಾ? ಅವನು ಕೇಳಿದ್ದು ಕಲಿಯೋದು ಹೆಂಗೆ ಅಂತ.

ಮಲ್ನಾಡ್_ಟೀಚರ್:
ನಾನು ಶಿವಮೊಗ್ಗದಲ್ಲಿ ಮನೇಲೇ ಸ್ಪೋಕನ್ ಇಂಗ್ಲಿಷ್ ಹೇಳ್ಕೊಡ್ತೀನಿ, ಹೆಚ್ಚಿನೋರು ಕನ್ನಡ ಮೀಡಿಯಂ ಮಕ್ಕಳೇ, ಅದಕ್ಕೆ ನಂದೂ ಎರಡು ಮಾತು. ಮೊದಲು ಆ ಪಟ್ಟಿ ಬಾಯಿಪಾಠ ನಿಲ್ಸಪ್ಪ. ಗೆಟ್ ಅನ್ನೋದನ್ನ ನೋಡ್ಬೇಡ, ಅದರ ಹಿಂದೆ ಏನು ಬಂದಿದೆ ನೋಡು. ವಸ್ತು ಬಂದ್ರೆ ಸಿಗೋದು, ಬರೋದು, ತರೋದು – ಗಾಟ್ ಎ ಜಾಬ್, ಕೆಲಸ ಸಿಕ್ತು. ಗುಣ ಹೇಳೋ ಪದ ಬಂದ್ರೆ ‘ಆಗು’ – ಗಾಟ್ ವೆಟ್, ಒದ್ದೆ ಆದೆ; ಇಟ್ಸ್ ಗೆಟ್ಟಿಂಗ್ ಲೇಟ್, ಹೊತ್ತಾಗ್ತಾ ಇದೆ. ಜಾಗ ಬಂದ್ರೆ ಮುಟ್ಟೋದು – ಗಾಟ್ ಹೋಮ್, ಮನೆ ಮುಟ್ಟಿದೆ. ನನ್ನ ಮಕ್ಕಳಿಗೆ ಇಷ್ಟು ಬಂದ್ರೆ ದಿನಬಳಕೆಯ ಅರ್ಧಕ್ಕರ್ಧ ಗೆಟ್ ಬಗೆಹರಿಯುತ್ತೆ.

ಇನ್ನೊಂದು, ನಮ್ಮ ವಾಕ್ಯದ ರೀತಿನೇ ಬೇರೆ. ನಮಗೆ ಕೋಪ ಬರುತ್ತೆ, ಜ್ವರ ಬರುತ್ತೆ, ನಿದ್ದೆ ಬರುತ್ತೆ, ದುಡ್ಡು ಸಿಗುತ್ತೆ, ಅರ್ಥ ಆಗುತ್ತೆ. ನಾವು ‘ನನಗೆ’ ಅಂತ ಕೂತಿರ್ತೀವಿ, ಎಲ್ಲಾ ನಮ್ಮ ಹತ್ರ ನಡ್ಕೊಂಡು ಬರುತ್ತೆ. ಇಂಗ್ಲಿಷಲ್ಲಿ ‘ಐ’ ಅಂತ ಮುಂದೆ ನಿಂತು ಗೆಟ್ ಹಾಕ್ಬೇಕು. ಐ ಗಾಟ್ ಆಂಗ್ರಿ, ಐ ಗಾಟ್ ಫೀವರ್, ಐ ಗಾಟ್ ಇಟ್. ನನ್ನ ಕ್ಲಾಸಲ್ಲಿ ಒಬ್ಬ ಹುಡುಗ “ಆಂಗರ್ ಈಸ್ ಕಮಿಂಗ್ ಟು ಮಿ” ಅಂತಿದ್ದ. ಅವನದೇನೂ ತಪ್ಪಿಲ್ಲ, ಕನ್ನಡಕ್ಕೆ ಇಂಗ್ಲಿಷ್ ಬಟ್ಟೆ ತೊಡ್ಸಿದ್ದ ಅಷ್ಟೇ. ‘ನನಗೆ… ಬಂತು, ನನಗೆ… ಸಿಕ್ತು, ನನಗೆ… ಆಯ್ತು’ ಅಂತ ಮನಸ್ಸಲ್ಲಿ ಬಂದ್ರೆ ಐ ಗಾಟ್ ಹಾಕಿ ನೋಡು ಅಂದೆ. ಹತ್ತಕ್ಕೆ ಏಳು ಸಲ ಸರಿಹೋಯ್ತು.

ಸಿಡುಕಪ್ಪ:
ಉಳಿದ ಮೂರು ಸಲ? ‘ನನಗೆ ಬೇಜಾರಾಯ್ತು’ ಐ ಗಾಟ್ ಬೋರ್ಡ್ ಅನ್ನಬಹುದು ಸರಿ. ‘ನನಗೆ ಐವತ್ತು ವರ್ಷ ಆಯ್ತು’ ಐ ಗಾಟ್ ಫಿಫ್ಟಿ ಅನ್ನಕ್ಕಾಗುತ್ತಾ? ಐವತ್ತು ಮಾರ್ಕ್ಸ್ ಬಂತು ಅಂದುಕೋತಾರೆ.
ಮತ್ತೆ ಐ ಗಾಟ್ ಫೀವರ್ ಅಲ್ಲ, ಐ ಗಾಟ್ ಎ ಫೀವರ್. ಟೀಚರ್ ಆಗಿ ಆ ‘ಎ’ ಬಿಡಬಾರದು.

ಮಲ್ನಾಡ್_ಟೀಚರ್:
@ಸಿಡುಕಪ್ಪ ಐವತ್ತು ವರ್ಷದ್ದು ಒಪ್ದೆ, ‘ಎ’ ಕೂಡ ಒಪ್ದೆ. ಆ ‘ಎ’ ಎಷ್ಟು ಕೆಲಸ ಮಾಡುತ್ತೆ ಅಂದ್ರೆ, ಐ ಗಾಟ್ ಕೋಲ್ಡ್ ಅಂದ್ರೆ ಚಳಿ ಆಯ್ತು, ಐ ಗಾಟ್ ಎ ಕೋಲ್ಡ್ ಅಂದ್ರೆ ನೆಗಡಿ ಆಯ್ತು. ಆಗುಂಬೆ ಮಳೇಲಿ ಮೊದಲನೇದಾದ ಮೇಲೆ ಎರಡನೇದು ಗ್ಯಾರಂಟಿ.

ಟೊರೊಂಟೊ_ಚಳಿ:
ನಮಗೆ ಇಲ್ಲಿ ನವೆಂಬರಿಂದ ಏಪ್ರಿಲ್‌ವರೆಗೆ ಎರಡೂ 🥶

ಮೈಸೂರಿಂದ ಇಲ್ಲಿಗೆ ಬಂದು ಹತ್ತು ವರ್ಷ ಆದ್ರೂ ನಾನು ಗೆಟ್ ಹತ್ರ ಎಡವ್ತೀನಿ, ಮೊನ್ನೆ ಆಗಿದ್ದು ಹೇಳ್ತೀನಿ. ಮಗಳು ಎರಡನೇ ಕ್ಲಾಸು, ಸ್ಕೂಲಿಂದ ಬಂದವಳೇ “ಅಮ್ಮಾ ಐ ಗಾಟ್ ಟು ಕ್ಲೀನ್ ದ ಹ್ಯಾಮ್‌ಸ್ಟರ್ ಕೇಜ್” ಅಂದ್ಲು. ನಂಗೆ ಉರಿದುಹೋಯ್ತು. ನನ್ನ ಮಗು ಕೈಲಿ ಇಲಿ ಗೂಡು ತೊಳೆಸ್ತಾರಾ, ನಾಳೆನೇ ಟೀಚರಿಗೆ ಈಮೇಲ್ ಹಾಕ್ತೀನಿ ಅಂತ ಕೂತೆ. ಅವಳು ಅಳೋ ಮುಖ ಮಾಡ್ಕೊಂಡು “ಇಲ್ಲಮ್ಮಾ, ಎಲ್ಲಾರೂ ಕೈ ಎತ್ತಿದ್ರು, ನಂಗೇ ಸಿಕ್ಕಿದ್ದು” ಅಂದ್ಲು. ಗಾಟ್ ಟು ಅಂದ್ರೆ ‘ಮಾಡಲೇಬೇಕು’ ಅಂತ ಒಂದಾದ್ರೆ, ‘ಮಾಡೋ ಭಾಗ್ಯ ಸಿಕ್ತು’ ಅಂತ ಇನ್ನೊಂದು! ಐ ಹ್ಯಾವ್ ಗಾಟ್ ಟು ಗೋ ಅನ್ನೋದನ್ನ ಬಾಯಲ್ಲಿ ಐ ಗಾಟ್ ಟು ಗೋ ಅಂತಾರೆ, ಅದು ಹೋಗ್ಲೇಬೇಕು. ಐ ಗೆಟ್ ಟು ಗೋ ಅಂದ್ರೆ ಹೋಗಕ್ಕೆ ಸಿಗುತ್ತೆ, ಅದು ಹಿಂದೆ ನಡೆದಿದ್ದಾದ್ರೆ ಅದೂ ಐ ಗಾಟ್ ಟು ಗೋ. ಎರಡಕ್ಕೂ ಒಂದೇ ರೂಪ, ಮುಖ ನೋಡಿ ತಿಳ್ಕೋಬೇಕು. ನಮ್ಮ ಯಜಮಾನ್ರು ಈಗ ಅದನ್ನ ಕಲ್ತು “ಟುಡೇ ಯು ಗೆಟ್ ಟು ಡೂ ದ ಡಿಶಸ್” ಅಂತ ನಂಗೇ ಹೇಳ್ತಾರೆ.

ಧಾರವಾಡದಾಕಿ:
ನಿಮ್ಮ ಯಜಮಾನ್ರಿಗೆ ಒಂದ್ ಸಲ ಬರೇ ಮುಖ ನೋಡಿ ತಿಳ್ಕೋ ಅಂತ ಹೇಳ್ರಿ 😄

ಕುಡ್ಲದವ:
ಒಂದು ಡೌಟ್. ಅಮೆರಿಕದವರು ‘ಗಾಟನ್’ ಅಂತಾರಲ್ಲ, ಅದು ತಪ್ಪಲ್ವಾ? ನಮಗೆ ಶಾಲೆಯಲ್ಲಿ ಗೆಟ್ ಗಾಟ್ ಗಾಟ್ ಮಾತ್ರ.

ಟೊರೊಂಟೊ_ಚಳಿ:
ಈ ಕಡೆ ಧಾರಾಳವಾಗಿ ಹೇಳ್ತಾರೆ. ಐ ಹ್ಯಾವ್ ಗಾಟ್ ಎ ಕಾರ್ ಅಂದ್ರೆ ಕಾರ್ ಇದೆ, ಐ ಹ್ಯಾವ್ ಗಾಟನ್ ಎ ಕಾರ್ ಅಂದ್ರೆ ಕಾರ್ ತಗೊಂಡಿದೀನಿ.

ಪದಬೇಟೆ:
ಗಾಟನ್ ತಪ್ಪಲ್ಲ, ಹಳೇದು. ಇಂಗ್ಲೆಂಡಲ್ಲಿ ಕಾಲಕ್ರಮೇಣ ಬಿಟ್ಟುಹೋಯ್ತು, ಹಡಗು ಹತ್ತಿ ಅಮೆರಿಕಕ್ಕೆ ಹೋದೋರು ಉಳಿಸ್ಕೊಂಡ್ರು. ಬ್ರಿಟಿಷರೂ ಫರ್ಗಾಟನ್ ಅಂತಾನೇ ಅಂತಾರೆ, ಇಲ್-ಗಾಟನ್ ಅಂತಾನೇ ಅಂತಾರೆ. ಹಡೆ ಉತ್ತರ ಕರ್ನಾಟಕದಲ್ಲಿ ಗಟ್ಟಿಯಾಗಿ ಉಳಿದ ಹಾಗೆ.

ಕಾಫಿಪುಡಿ:
ಅಂದಹಾಗೆ ಇಂಗ್ಲಿಷಲ್ಲಿ ಅತಿ ಹೆಚ್ಚು ಅರ್ಥ ಇರೋದು ಗೆಟ್‌ಗೇ ಅಲ್ವಾ? ಎಲ್ಲೋ ಓದಿದ ನೆನಪು.

ಸಿಡುಕಪ್ಪ:
ಸೆಟ್. ಕ್ವಿಜ್ಜಲ್ಲಿ ಯಾವಾಗ್ಲೂ ಕೇಳ್ತಿದ್ರು.

ಪದಬೇಟೆ:
ಇಬ್ರದೂ ಈಗ ಸರಿ ಅಲ್ಲ 🙂 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಸೆಟ್ ಅತಿ ಉದ್ದದ ನಮೂದು, 430 ಅರ್ಥ, 60,000 ಪದದಷ್ಟು ವಿವರಣೆ. ಸಿಡುಕಪ್ಪನವರ ಕ್ವಿಜ್ ಆ ಕಾಲದ್ದು. ಆಮೇಲೆ ಹೊಸ ಪರಿಷ್ಕರಣೆಯಲ್ಲಿ ರನ್ ಮೇಲೆ ಬಂತು, ಕ್ರಿಯಾಪದವಾಗಿಯೇ 645 ಅರ್ಥ. ಪೀಟರ್ ಗಿಲಿವರ್ ಅನ್ನೋ ಸಂಪಾದಕರು ಆ ಒಂದು ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ರು.

ಧಾರವಾಡದಾಕಿ:
ಒಂಬತ್ತು ತಿಂಗಳು! ಅವರೂ ಹಡೆದ್ರು ಅನ್ರಿ.

ಕಾಫಿಪುಡಿ:
😂😂😂 ಧಾರವಾಡಕ್ಕೆ ಒಂದು ಪೇಡೆ

ಹಳೇ_ಮೇಷ್ಟ್ರು:
ಹಾಗಾದರೆ ನಾನು ಒಂದೇ ಅರ್ಥ ಹೇಳಿದ್ದಕ್ಕೆ ಕ್ಷಮೆ ಇದೆ. ಒಂದು ಪದಕ್ಕೆ ಅವರಿಗೇ ಒಂಬತ್ತು ತಿಂಗಳು ಬೇಕಾಯಿತು, ನನಗೆ ಮುಕ್ಕಾಲು ಗಂಟೆ.

ಕುಡ್ಲದವ:
ನಾವು ಇಂಗ್ಲಿಷಿಗೆ ಬೈಯುವುದು, ನಮ್ಮದು ಕಮ್ಮಿಯಾ? ನನ್ನ ರೂಮ್‌ಮೇಟ್ ಬಿಹಾರದವ, ಕನ್ನಡ ಕಲೀತಾ ಇದ್ದಾನೆ. ‘ಹಾಕು’ ಹೇಳಿಕೊಟ್ಟೆ. ಬಟ್ಟೆ ಹಾಕು, ಬೀಗ ಹಾಕು, ಲೈಟ್ ಹಾಕು, ಊಟ ಹಾಕು, ವೋಟು ಹಾಕು, ಸಹಿ ಹಾಕು, ಲೆಕ್ಕ ಹಾಕು, ಧಮ್ಕಿ ಹಾಕು. ಅವ ಎಲ್ಲ ಬರೆದುಕೊಂಡ. ಮರುದಿನ “ಭಯ್ಯಾ, ಸೀರಿಯಲಲ್ಲಿ ‘ಕೊಂದು ಹಾಕ್ತೀನಿ’ ಅಂದ್ರು, ಕೊಂದ ಮೇಲೆ ಎಲ್ಲಿಗೆ ಹಾಕೋದು?” ಅಂತ ಕೇಳಿದ. ನನ್ನ ಹತ್ರ ಉತ್ತರ ಉಂಟಾ?

ಕಾಫಿಪುಡಿ:
ರಜೆ ಹಾಕು ಬಿಟ್ರಲ್ಲ. ನಮ್ಮ ಆಫೀಸಲ್ಲಿ ಎಲ್ಲಾರೂ “ಐ ಹ್ಯಾವ್ ಪುಟ್ ಲೀವ್” ಅಂತಾರೆ, ಅದೆಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು.

ಟೊರೊಂಟೊ_ಚಳಿ:
ಮೆಜೆಸ್ಟಿಕ್‌ನಲ್ಲಿ ‘ಗೆಟ್ ಡೌನ್’ ಕೂಡ! ಇಲ್ಲಿ ಬಸ್ಸಿಂದ ಇಳಿಯೋದಕ್ಕೆ ಗೆಟ್ ಆಫ್ ಅಂತಾರೆ. ನಾನು ಬಂದ ಹೊಸದ್ರಲ್ಲಿ ಡ್ರೈವರ್ ಹತ್ರ “ಐ ವಾಂಟ್ ಟು ಗೆಟ್ ಡೌನ್” ಅಂದೆ. ಡ್ಯಾನ್ಸ್ ಮಾಡ್ಬೇಕು ಅಂತಲೂ ಅದಕ್ಕೆ ಅರ್ಥ ಇದೆಯಂತೆ, ಅವನು “ಗೋ ಅಹೆಡ್ ಮ್ಯಾಮ್” ಅಂದ.

ಸಿಡುಕಪ್ಪ:
ಮತ್ತೆ ದಾರಿ ತಪ್ತು. ಹುಡುಗನ ರಿಪೋರ್ಟ್ ವಿಷಯಕ್ಕೆ ಬನ್ನಿ. ಟೀಚರಮ್ಮ ಜಾಗ, ಗುಣ, ವಸ್ತು ಅಂತೆಲ್ಲ ಹೇಳಿದ್ರು, ‘ಗೆಟ್ ಇಟ್ ಡನ್’ ಯಾವ ಗೂಡಿಗೆ ಬೀಳುತ್ತೆ?

ಮಲ್ನಾಡ್_ಟೀಚರ್:
ಅದೇ ಬರೀತಾ ಇದ್ದೆ, ಮಧ್ಯ ಕರೆಂಟ್ ಹೋಯ್ತು. ಗೆಟ್, ಆಮೇಲೆ ವಸ್ತು, ಆಮೇಲೆ ‘ಆದ’ ಅನ್ನೋ ರೂಪದ ಕ್ರಿಯಾಪದ – ಇದಕ್ಕೆ ನಮ್ಮಲ್ಲಿ ‘ಇಸು’ ಇದೆ. ಐ ಗಾಟ್ ಮೈ ಹೇರ್ ಕಟ್, ಕಟಿಂಗ್ ಮಾಡಿಸ್ಕೊಂಡೆ. ಐ ಗಾಟ್ ದ ಗಾಡಿ ರಿಪೇರ್ಡ್, ಗಾಡಿ ರಿಪೇರಿ ಮಾಡಿಸ್ದೆ. ನಮ್ಮೋರು ‘ಐ ಕಟ್ ಮೈ ಹೇರ್’ ಅಂದ್ಬಿಡ್ತಾರೆ, ಕೇಳಿದೋರು “ಕನ್ನಡಿ ಮುಂದೆ ನೀನೇ ಕತ್ತರಿಸ್ಕೊಂಡ್ಯಾ” ಅಂತ ಕೇಳ್ತಾರೆ. ಹಾಗಾಗಿ ಆ ವಿಡಿಯೋದಲ್ಲಿ ಹೇಳಿದ್ದು ಸುಳ್ಳಲ್ಲ, ಅರ್ಧ ಹೇಳಿದಾರೆ. ಗೆಟ್ ದ ರಿಪೋರ್ಟ್ ಡನ್ ಅಂದಾಗ ಮೇಡಂಗೆ ಬೇಕಾಗಿದ್ದು ರಿಪೋರ್ಟ್ ಮುಗಿದಿರೋದು. ನೀನೇ ಮಾಡ್ತೀಯೋ ಯಾರ ಕೈಲಾದ್ರೂ ಮಾಡಿಸ್ತೀಯೋ ಅವರಿಗೆ ಬೇಕಾಗಿಲ್ಲ. ಶುಕ್ರವಾರ ಆಗಿರ್ಬೇಕು. ನಮ್ಮಲ್ಲಿ “ಮಾಡಿ ಮುಗಿಸು” ಅಂತೀವಲ್ಲ, ಅದು.

ತುಂಗಭದ್ರೆ_ದಡ:
ಅಂದ್ರೆ ಕ್ಷೌರದಂಗಡೀಲಿ ಮಾಡಿಸೋದು, ಆಫೀಸಲ್ಲಿ ಮಾಡೋದು. ಇದನ್ನ ಮೊದಲೇ ಯಾರಾದ್ರೂ ಹೇಳಿದ್ರೆ ಆ ಹುಡುಗ ಇವತ್ತು ನನ್ನ ಜೊತೆ ಟೀ ಕುಡೀತಿದ್ದ. 😔

ಪದಬೇಟೆ:
ಟೀಚರ್ ಹೇಳಿದ ‘ಇಸು’ ಓದಿ ಒಂದು ಹೊಳೀತು, ನಿದ್ದೆ ಬರ್ತಿಲ್ಲ, ಬರೆದೇಬಿಡ್ತೀನಿ. ‘ಕಟಿಂಗ್ ಮಾಡಿಸ್ಕೊಂಡೆ’ ಅಂದ್ರೆ ಬೇಕು ಅಂತ ಮಾಡಿಸಿದ್ದು. ಈಗ ‘ಬಾಸ್ ಹತ್ರ ಬೈಸ್ಕೊಂಡೆ’ ಅನ್ನೋದನ್ನ ನೋಡಿ. ರೂಪ ಅದೇ, ಇಸು ಪ್ಲಸ್ ಕೊಂಡೆ. ಆದ್ರೆ ಯಾರೂ ದುಡ್ಡು ಕೊಟ್ಟು ಬೈಸ್ಕೊಳ್ಳಲ್ಲ, ಅದು ನಮ್ಮ ಮೇಲೆ ಬಂದು ಬಿದ್ದಿದ್ದು. ಹೊಡಿಸ್ಕೊಂಡೆ, ಕಚ್ಚಿಸ್ಕೊಂಡೆ, ಕದ್ದು ತಿಂದು ಹಿಡಿಸ್ಕೊಂಡೆ ಅಂತೆಲ್ಲ ಅಂತೀವಿ. ಇಂಗ್ಲಿಷಲ್ಲೂ ಗೆಟ್ ಇದೇ ಎರಡು ಕೆಲಸ ಮಾಡುತ್ತೆ! ಗಾಟ್ ಮೈ ಹೇರ್ ಕಟ್, ಮಾಡಿಸ್ಕೊಂಡೆ. ಗಾಟ್ ಸ್ಕೋಲ್ಡೆಡ್, ಬೈಸ್ಕೊಂಡೆ. ಗಾಟ್ ಬಿಟನ್, ಕಚ್ಚಿಸ್ಕೊಂಡೆ. ವೈಕಿಂಗ್ ಜನರಿಗೂ ನಮಗೂ ಸಂಬಂಧ ಇಲ್ಲ, ಆದ್ರೂ ಎರಡು ಭಾಷೇನೂ ಒಂದೇ ಉಪಾಯ ಮಾಡಿವೆ.

ಧಾರವಾಡದಾಕಿ:
ಏ ತಡೀರಿ ತಡೀರಿ. ಹಂಗಾದ್ರ ‘ಇಸ್ಕೋ’ ಅನ್ನೋದು ಬರೇ ಬಾಲ ಅಲ್ಲ, ಅದ ಒಂದು ಪದಾನೂ ಐತೆಲ್ಲ? “ಅವ್ನ ಕಡಿಂದ ರೊಕ್ಕಾ ಇಸ್ಕೊಂಡ ಬಾ” ಅಂತೀವಿ. ಗೆಟ್ ದ ಮನಿ ಫ್ರಮ್ ಹಿಮ್! ಪಡೆ ಗಿಡೆ ಅಲ್ರೀ, ಗೆಟ್ ಅಂದ್ರ ಇಸ್ಕೋ.

ಪದಬೇಟೆ:
🤯 ಹೌದಲ್ಲ! ಅದು ‘ಈಸಿಕೊಳ್ಳು’. ಹಳಗನ್ನಡದ ‘ಈ’ ಅಂದ್ರೆ ಕೊಡು. ಅದಕ್ಕೆ ‘ಇಸು’ ಸೇರಿದ್ರೆ ಕೊಡುವ ಹಾಗೆ ಮಾಡು, ‘ಕೊಳ್ಳು’ ಸೇರಿದ್ರೆ ತನಗೆ. ತನಗೆ ಕೊಡಿಸ್ಕೊಳ್ಳೋದೇ ಇಸ್ಕೊಳ್ಳೋದು. ದಿನಾ ಬಾಯಲ್ಲಿ ಆಡೋ ಪದ, ಒಡೆದು ನೋಡೇ ಇರ್ಲಿಲ್ಲ.

ಕಾಫಿಪುಡಿ:
ಬೆಂಗಳೂರಲ್ಲೂ ಇಸ್ಕೊ ಅಂತೀವಿ ಮೇಡಂ, “ಚಿಲ್ಲರೆ ಇಸ್ಕೊ” ಅಂತ. ಹುಬ್ಬಳ್ಳಿ-ಧಾರವಾಡದ ಪೇಟೆಂಟ್ ಏನಲ್ಲ.

ಹಳೇ_ಮೇಷ್ಟ್ರು:
ಮಂಡ್ಯದಲ್ಲೂ ‘ಈಸ್ಕ ಬಾ’ ಅಂತೀವಿ. ಮೂವತ್ತು ವರ್ಷ ಕಪ್ಪುಹಲಗೆ ಮೇಲೆ ಪಡೆ ಅಂತ ಬರೆದು, ಪೀರಿಯಡ್ ಮುಗಿದ ಮೇಲೆ ಹುಡುಗರಿಗೆ “ಆಫೀಸ್ ರೂಮಿಂದ ಸೀಮೆಸುಣ್ಣ ಈಸ್ಕ ಬಾ” ಅಂತಿದ್ದೆ ನಾನು.

ಸಿಡುಕಪ್ಪ:
ಚೆನ್ನಾಗಿದೆ, ಒಪ್ದೆ. ಆದ್ರೆ ಎಲ್ಲಾ ಕಡೆ ಇಸ್ಕೊ ಹಾಕ್ಬೇಡಿ ಮತ್ತೆ. ಗೆಟ್ ಕೋಲ್ಡ್‌ಗೆ ಚಳಿ ಇಸ್ಕೊ ಅನ್ನಕ್ಕಾಗಲ್ಲ. ಗಾಟ್ ಫೈರ್ಡ್, ಗಾಟ್ ರಾಬ್ಡ್, ಗಾಟ್ ಮ್ಯಾರೀಡ್ ಮೂರೂ ಒಂದೇ ಸಾಲಲ್ಲಿ ಬರುತ್ತೆ ಅನ್ನೋದಕ್ಕೆ ಮಾತ್ರ ನಂಗೆ ಯಾವ ಆಕ್ಷೇಪಣೆನೂ ಇಲ್ಲ.

ಟೊರೊಂಟೊ_ಚಳಿ:
ನಿಮ್ಮ ಮನೆಯೋರು ಇದನ್ನ ಓದ್ತಾರಾ ಸಿಡುಕಪ್ಪನವರೇ? ಓದಿದ್ರೆ ಬೈಸ್ಕೊಳ್ತೀರ.

ಸಿಡುಕಪ್ಪ:
ಅವಳಿಗೆ ಇದರ ಲಿಂಕ್ ಕೊಡಬೇಡಿ.

ತುಂಗಭದ್ರೆ_ದಡ:
ಇದೆಲ್ಲಾ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಆದ್ರೆ ಗೆಟ್ ಬೈ, ಗೆಟ್ ಓವರ್, ಗೆಟ್ ಅವೇ ವಿತ್, ಗೆಟ್ ಅರೌಂಡ್ ಟು – ಈ ಬಾಲ ಇರೋವು ಬಾಕಿ ಇವೆಯಲ್ಲ? ಅವಕ್ಕೂ ಏನಾದ್ರೂ ಕೀಲಿಕೈ ಇದೆಯಾ?

ಮಲ್ನಾಡ್_ಟೀಚರ್:
ಇಲ್ಲ. ಅದಕ್ಕೆ ಯಾವ ಕೀಲಿಕೈನೂ ಇಲ್ಲ, ಇದೆ ಅಂತ ಹೇಳಿ ಫೀಸ್ ತಗೊಳ್ಳೋರ ಹತ್ರ ಹೋಗ್ಬೇಡ. ಅದರಲ್ಲಿ ಗೆಟ್ ಇದೆ ಅನ್ನೋದನ್ನೇ ಮರೆತುಬಿಡು, ಇಡಿಯಾಗಿ ಒಂದು ಹೊಸ ಪದ ಅಂತ ಇಟ್ಕೋ. ಅರ್ಥ ಬರ್ಕೋಬೇಡ, ಆ ಹೊತ್ತಲ್ಲಿ ನಮ್ಮೂರಲ್ಲಿ ಏನಂತಾರೆ ಅದನ್ನ ಬರ್ಕೋ. ಗೆಟ್ ಓವರ್ ಇಟ್ ಅಂದ್ರೆ “ಬಿಟ್ಹಾಕು ಅತ್ಲಾಗೆ”. ಗೆಟ್ ಅವೇ ವಿತ್ ಅಂದ್ರೆ ತಪ್ಪು ಮಾಡಿಯೂ “ಅರಗಿಸ್ಕೊಂಡ”. ಡಿಡಂಟ್ ಗೆಟ್ ಅರೌಂಡ್ ಟು ಇಟ್ ಅಂದ್ರೆ “ಮಾಡ್ಬೇಕು ಅಂತಿದ್ದೆ, ಕೈ ಹಾಕಕ್ಕೆ ಆಗ್ಲಿಲ್ಲ”. ಡೋಂಟ್ ಗೆಟ್ ಮಿ ರಾಂಗ್ ಅಂದ್ರೆ “ತಪ್ಪು ತಿಳ್ಕೋಬೇಡಿ”, ಅಲ್ಲಿ ಸಾರಿ ಕೇಳ್ಬೇಕಾಗಿರೋದು ನೀನಲ್ಲ. ಗೆಟ್ ಬೈ ನಿಂಗೆ ಆಗ್ಲೇ ಬರುತ್ತೆ, ನಿನ್ನ ಮೊದಲ ಪೋಸ್ಟಲ್ಲೇ ಬರೆದಿದೀಯಲ್ಲ, “ಇಂಗ್ಲಿಷ್ ಓದೋದು ಬರೆಯೋದು ಹೆಂಗೋ ನಡೆಯುತ್ತೆ” ಅಂತ. ಐ ಗೆಟ್ ಬೈ. ಅಷ್ಟೇ ಅದು.

ಕಾಫಿಪುಡಿ:
ಇನ್ನೊಂದು ಸೇರಿಸ್ಕೊ. ಎಚ್‌ಆರ್‌ನೋರು “ವಿ ವಿಲ್ ಗೆಟ್ ಬ್ಯಾಕ್ ಟು ಯು” ಅಂದ್ರೆ “ಹೋಗ್ಬಾರಪ್ಪ” ಅಂತ.

ಕುಡ್ಲದವ:
ಅದು ಹುಡುಗಿ ನೋಡಲಿಕ್ಕೆ ಬಂದವರು “ಊರಿಗೆ ಹೋಗಿ ತಿಳಿಸ್ತೇವೆ” ಹೇಳಿದ ಹಾಗೆ.

ಹಳೇ_ಮೇಷ್ಟ್ರು:
ಪ್ರಬಂಧದಲ್ಲಿ ಗೆಟ್ ಬಂದರೆ ನಾನು ಕೆಂಪು ಇಂಕಿನಲ್ಲಿ ಗೆರೆ ಎಳೆದು ರಿಸೀವ್, ಬಿಕಮ್, ರೀಚ್ ಎಂದು ತಿದ್ದುತ್ತಿದ್ದೆ. ಬರವಣಿಗೆಗೆ ಅದು ಇಂದಿಗೂ ಒಳ್ಳೆಯದೇ. ಆದರೆ ಹಾಗೆ ತಿದ್ದಿ ತಿದ್ದಿ ಮಕ್ಕಳ ಬಾಯಿಂದಲೂ ಗೆಟ್ ತೆಗೆದುಬಿಟ್ಟೆನೇನೋ ಅಂತ ಈಗ ಅನ್ನಿಸ್ತಿದೆ. ಐ ರೀಚ್ಡ್ ಹೋಮ್, ಐ ಬಿಕೇಮ್ ವೆಟ್ ಅಂತ ಮಾತಾಡಿದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತೆ.

ತುಂಗಭದ್ರೆ_ದಡ:
ಎರಡು ವಾರ ಆದ್ಮೇಲೆ ಬರ್ತಾ ಇದೀನಿ. ಆ್ಯಪ್ ತೆಗೆದುಹಾಕ್ದೆ. ದಿನಾ ಕಾಲ್‌ನಲ್ಲಿ ಕೇಳಿಸಿದ ಗೆಟ್ ಎಲ್ಲಾ ಬರ್ಕೊಂಡು ಪಕ್ಕದಲ್ಲಿ ಹರಿಹರದ ಮಾತಲ್ಲಿ ಬರೀತಾ ಇದೀನಿ, ನೋಟ್‌ಬುಕ್ಕಲ್ಲಿ ನಾಕು ಪುಟ ಆಗಿದೆ. ಪಕ್ಕದ ಟೀಮ್ ಹುಡುಗನಿಗೆ ಒಂದು ಬೆಣ್ಣೆ ದೋಸೆ ಕೊಡಿಸಿ ರಾಜಿ ಆಯ್ತು.

ಈ ಶುಕ್ರವಾರ ರಿಪೋರ್ಟ್ ನಾನೇ ಮಾಡಿ ಕಳ್ಸಿದೆ. ಮೇಡಂ ನೋಡಿ “ಯು ಆರ್ ಗೆಟ್ಟಿಂಗ್ ದೇರ್” ಅಂದ್ರು. ದೇರ್ ಅಂದ್ರೆ ಎಲ್ಲಿಗೆ? ಜಾಗ ಬಂದ್ರೆ ಮುಟ್ಟೋದು ಅಂತ ಟೀಚರ್ ಹೇಳಿದ್ರು, ಆದ್ರೆ ನಾನು ಕುರ್ಚೀಲೇ ಕೂತಿದ್ದೆ.

ಮಲ್ನಾಡ್_ಟೀಚರ್:
ಖುಷಿ ಆಯ್ತಪ್ಪ! “ದಾರಿಗೆ ಬರ್ತಾ ಇದೀಯ” ಅಂತ. ಹೊಗಳಿದ್ದು.

ಸಿಡುಕಪ್ಪ:
ಇನ್ನೂ ಮುಟ್ಟಿಲ್ಲ ಅಂತಾನೂ ಆಗುತ್ತೆ.

ತುಂಗಭದ್ರೆ_ದಡ:
ಹೊಗಳಿದ್ದಾ ಬೈದಿದ್ದಾ ಒಂದು ಹೇಳಿ ಸರ್.

ಕಾಫಿಪುಡಿ:
ಅದು ಅಪ್ರೈಸಲ್ ಲೆಟರ್ ಬಂದ್ಮೇಲೇ ಗೊತ್ತಾ‌ಗೋದು. ಅಂದಹಾಗೆ ಬೆಣ್ಣೆ ದೋಸೆ ಎಲ್ಲಿ ಕೊಡಿಸ್ದೆ? ಬೆಂಗಳೂರಲ್ಲಿ ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡ್ ಹಾಕಿ ಕೊಡೋದನ್ನ ನಾನು ದೋಸೆ ಅಂತ ಒಪ್ಪಲ್ಲ.

ತುಂಗಭದ್ರೆ_ದಡ:
ಅಣ್ಣ ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನಾನು ಎಲ್ಲಾರ್ಗೂ ಪಾಠ ಮಾಡ್ತೀನಿ.